ಹಿಂದಕ್ಕೆ ಹೆಜ್ಜೆ ಇಡಲು ಕಲಿತದ್ದು

ನಮ್ಮ ಮೊಮ್ಮಗಳು ಹಿಂದಕ್ಕೆ ತೆವಳುತ್ತಾಳೆ. ಎಂಟು ತಿಂಗಳು ತುಂಬಿ ಒಂಬತ್ತರಲ್ಲಿ ಬಿದ್ದಿದೆ ಕೂಸು. ಮುಂದೆ ಒಂದು ಬದನೆಕಾಯಿ ಇಟ್ಟರೆ ಸಾಕು, ಕಣ್ಣು ಅಗಲ ಮಾಡಿ, ಎರಡೂ ಅಂಗೈ ನೆಲಕ್ಕೆ ಊರಿ, ಉಸಿರು ಬಿಗಿಹಿಡಿದು ಮೈಯನ್ನೆಲ್ಲಾ ಮುಂದಕ್ಕೆ ನೂಕುತ್ತಾಳೆ. ಮೈ ಹಿಂದಕ್ಕೆ ಜಾರುತ್ತದೆ. ಮತ್ತೆ ನೂಕುತ್ತಾಳೆ, ಮತ್ತೆ ಒಂದು ಗೇಣು ಹಿಂದಕ್ಕೆ. ಕಡೆಗೆ ಅಂಗಾಲು ಗೋಡೆಗೆ ತಾಗಿದಾಗ, ಬದನೆಕಾಯಿಯೇ ತನ್ನನ್ನು ಬಿಟ್ಟು ಓಡಿಹೋಯಿತು ಅನ್ನುವ ಹಾಗೆ ಅದನ್ನು ನೋಡಿ ಅಳುತ್ತಾಳೆ. ನಾನು ನಗುತ್ತೇನೆ. ನಕ್ಕು ನಕ್ಕು ಸಾಕಾದ ಮೇಲೆ ಎತ್ತಿಕೊಳ್ಳುತ್ತೇನೆ. "ಕೂಸು ಅಳಾಕತ್ರ ನಗತಿಯಲ್ಲಬೇ ಯವ್ವಾ" ಅಂತ ಮಗಳು ಬೈಯುತ್ತಾಳೆ. ಏನು ಮಾಡಲಿ, ಈ ಕೂಸು ಅತ್ತರೂ ಚಂದ, ಸೀನಿದರೂ ಚಂದ.

ಈ ಖುಷಿಯನ್ನು ಒಬ್ಬಳೇ ಇಟ್ಟುಕೊಳ್ಳಲಿಕ್ಕೆ ನನ್ನ ಕೈಲಿ ಆಗಲಿಲ್ಲ. ಓಣಿಯವರಿಗೆಲ್ಲಾ ಹೇಳಿದೆ. ಹಿಟ್ಟಿನ ಗಿರಣಿಯವನಿಗೆ ಹೇಳಿದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಆತ ಟಿಕೆಟ್ ಹರಿದು ಕೈಗಿಡುತ್ತಾ, "ಅಜ್ಜಿ, ನನ್ನ ಮಗಾನೂ ಹಂಗ ಮಾಡ್ತಿದ್ದ. ಈಗ ಸಾಲಿಗೆ ಹೋಗಲೇ ಅಂದ್ರ ಮತ್ತ ಹಂಗ ಹಿಂದಕ ಸರೀತಾನ" ಅಂದ. ಬಸ್ಸೆಲ್ಲಾ ನಕ್ಕಿತು. ಅಜ್ಜಿ ಅಂತ ಪರಜನರ ಬಾಯಿಂದ ಕೇಳಿದ್ದು ಅದೇ ಮೊದಲು. ತಲೆಯಲ್ಲಿ ಇನ್ನೂ ಅರ್ಧ ಕರಿಕೂದಲು ಇರುವಾಕೆ ನಾನು, ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಸಲ ಅನ್ನಲಿ ಅಂತ ಮಸ್ಕಿ ದಾಟುವ ತನಕ ಅವನ ಮುಖವನ್ನೇ ನೋಡುತ್ತಾ ಕೂತಿದ್ದೆ.

ಆದರೆ ನಾನು ಕಾಗದ ಹಿಡಿದು ಕೂತದ್ದು ಖುಷಿ ಬರೆಯಲಿಕ್ಕೆ ಅಲ್ಲ ನೋಡ್ರಿ. ಖುಷಿಯನ್ನು ಬಾಯಿಂದಲೇ ಹೇಳಿ ಮುಗಿಸಬಹುದು. ನಾಚಿಕೆಯನ್ನು ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಎದುರಿಗೆ ಯಾರಾದರೂ ಕೂತಿದ್ದರೆ ಸೀರೆಯ ಸೆರಗು ತಿರುವುತ್ತಾ ಮಾತು ಬೇರೆ ಕಡೆ ಹೋಗಿಬಿಡುತ್ತದೆ. ಬರೆದರೆ ತುಸು ಸಲೀಸು. ನನ್ನ ಅಕ್ಷರ ಹೇಗಿರುತ್ತದೆ ಅಂತ ಕೇಳಬೇಡಿ. ತವರೂರು ಸಂತೆಕಲ್ಲೂರಿನಲ್ಲಿ ಮಠದ ಐನೋರ ಹತ್ತಿರ ಮರಳಿನ ಮೇಲೆ ಬೆರಳಾಡಿಸಿ ಎರಡು ವರ್ಷ ಕಲಿತದ್ದಷ್ಟೇ. ಆಮೇಲೆ ಕೈಗೆ ಕಳೆ ತೆಗೆಯುವ ಕುರ್ಪಿ ಬಂತು, ಅಕ್ಷರ ದೊಡ್ಡದೊಡ್ಡದಾಗಿಯೇ ಉಳಿದವು. ಒಂದು ಹಾಳೆಯಲ್ಲಿ ಹತ್ತು ಸಾಲು ಹಿಡಿಸಿದರೆ ಹೆಚ್ಚು.

ವಿಷಯ ಇಷ್ಟೇ. ಮೊಮ್ಮಗಳ ಜವಳ ನಮ್ಮ ಮನೆಯಲ್ಲೇ ತೆಗೆಸುವುದು ಅಂತ ಆಯಿತು. ಕೂಸಿನ ಮೊದಲ ಕೂದಲಿಗೆ ಸೋದರಮಾವ ಕತ್ತರಿ ಇಡಬೇಕಲ್ಲ, ಆ ಸೋದರಮಾವ ನನ್ನ ಮಗ. ಯಾರ್ಯಾರನ್ನು ಕರೆಯಬೇಕು ಅಂತ ಮನೆಯವರೆಲ್ಲಾ ಪಡಸಾಲೆಯಲ್ಲಿ ಕೂತು ಹೆಸರು ಹೇಳುತ್ತಿದ್ದೆವು. ಬೀಗರು ಆದರು, ಸಂತೆಕಲ್ಲೂರಿನ ನಮ್ಮಣ್ಣ ಆದ, ಓಣಿ ಆಯಿತು. ಆಗ ಮಗಳು, "ಕ್ಯಾಂಪಿನ ಸೂರಮ್ಮಗ ಯಾರೂ ಹೇಳಲಿಲ್ಲಲ್ಲ. ನಾ ಸಣ್ಣಾಕಿದ್ದಾಗ ಹೊಲದಾಗ ನನಗ ಬೆಲ್ಲ ಕೊಡ್ತಿದ್ದಳು ಆಕಿ" ಅಂದಳು. ನಮ್ಮ ಮನೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ, "ಕರೀಬೇಕಾದ್ರ ನಿಮ್ಮವ್ವನ ಹೋಗಿ ಕರೀಬೇಕು. ನಾವು ಹೋದ್ರ ಅದು ಕರದಂಗ ಆಗೂದಿಲ್ಲ" ಅಂದರು. ಹನ್ನೆರಡು ಹದಿಮೂರು ವರ್ಷ ಅವರು ಈ ಮಾತು ಎತ್ತಿರಲಿಲ್ಲ. ಮರೆತಿದ್ದಾರೆ ಅಂತ ನಾನು ತಿಳಿದಿದ್ದೆ.

ನಾನು ಸೂರಮ್ಮನ ಮನೆಗೆ ಹೋಗಬೇಕೋ, ಹೋದರೆ ಯಾವ ಮುಖ ಹೊತ್ತು ಹೋಗಬೇಕೋ ಅನ್ನುವುದು ಆ ವಾರವೆಲ್ಲಾ ನನ್ನ ಹೊಟ್ಟೆಯೊಳಗೆ ಬೇಯದ ಕಾಳಿನ ಹಾಗೆ ಕೂತಿತ್ತು. ಯಾಕೆ ಅಂತ ತಿಳಿಯಬೇಕಾದರೆ ಹಿಂದಕ್ಕೆ ನಡೆಯುವ ಸಂಗತಿ ಹೇಳಬೇಕು.

ಹಿಂದಕ್ಕೆ ನಡೆಯುವವರು ಲೋಕದಲ್ಲಿ ಬಹಳ ಮಂದಿ ಇಲ್ಲ. ಹಗ್ಗ ಹೊಸೆಯುವವರು ನಡೆಯುತ್ತಾರೆ. ಗುಡಿಯಲ್ಲಿ ದೇವರಿಗೆ ಬೆನ್ನು ತೋರಿಸಬಾರದು ಅಂತ ನಾವೆಲ್ಲಾ ಎರಡು ಹೆಜ್ಜೆ ನಡೆಯುತ್ತೇವೆ. ನಿಜಾಮರ ಕಾಲದಲ್ಲಿ ಸಾಹೇಬರ ಮುಂದೆಯೂ ಹಾಗೇ ಇತ್ತಂತೆ. ನಮ್ಮ ಮಾವನವರು ಒಂದು ಸಲ ಲಿಂಗಸುಗೂರಿನ ಕಚೇರಿಗೆ ಹೋದವರು, ಅರ್ಜಿ ಕೊಟ್ಟು, ಸಲಾಮು ಮಾಡುತ್ತಾ ಮಾಡುತ್ತಾ ಹಿಂದಕ್ಕೆ ಸರಿದು, ಹೊಸ್ತಿಲು ಎಡವಿ, ಹೊರಗೆ ಕೂತಿದ್ದ ಜವಾನನ ತೊಡೆಯ ಮೇಲೆ ಕೂತುಬಿಟ್ಟರಂತೆ. "ಆರಾಮ್ ಐತೇನ್ರಿ ಗೌಡ್ರ" ಅಂತ ಆ ಜವಾನ ಕೇಳಿದನಂತೆ. ಮಾವನವರು ಸಾಯುವ ತನಕ ಈ ಕಥೆಯನ್ನು ತಾವೇ ಹೇಳಿ ತಾವೇ ನಗುತ್ತಿದ್ದರು. ಉಳಿದದ್ದು ದೆವ್ವ. ದೆವ್ವದ ಪಾದ ಹಿಂದುಮುಂದಾಗಿರುತ್ತವೆ ಅಂತ ನಮ್ಮತ್ತೆ ಹೇಳುತ್ತಿದ್ದರು. ಅವರು ಯಾವ ದೆವ್ವದ ಪಾದ ನೋಡಿದ್ದರೋ, ಕೇಳುವ ಧೈರ್ಯ ನನಗೆ ಇರಲಿಲ್ಲ.

ಈ ಪಟ್ಟಿಗೆ ಇನ್ನೂ ಕೆಲವರು ಸೇರಿದ್ದು ಕಾಲುವೆ ಬಂದ ಮೇಲೆ. ನೆಲ್ಲು ಹಚ್ಚುವ, ಅಂದರೆ ಭತ್ತದ ನಾಟಿ ಮಾಡುವ ಹೆಂಗಸರು.

ತುಂಗಭದ್ರೆಯ ನೀರು ನಮ್ಮ ಜವಳಗೇರಾದ ಹೊಲಗಳ ತನಕ ಬಂದಾಗ ನಾವು ಕಾಲುವೆಗೆ ಅರಿಶಿಣ ಕುಂಕುಮ ಹಾಕಿ, ಸೀರೆ ಸೆರಗಿನಲ್ಲಿ ಉಡಿ ಅಕ್ಕಿ ಒಯ್ದು ಬಿಟ್ಟು ಬಂದೆವು. ಆಮೇಲೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಆಳೆತ್ತರ ನಿಂತ ಜೋಳಕ್ಕೆ, ಮಳೆ ಬಂದರೆ ಒಳ್ಳೆಯದಲ್ಲವೇ ಅಂತ, ನಮ್ಮ ಮನೆಯವರು ನೀರು ಬಿಟ್ಟರು. ನಮ್ಮದು ಎರೆಹೊಲ. ಕುಡಿದ ನೀರನ್ನು ಅದು ಬಿಡುವುದಿಲ್ಲ. ಎಂಟು ದಿನದಲ್ಲಿ ಜೋಳವೆಲ್ಲಾ ಕಾಮಾಲೆ ಆದವರ ಹಾಗೆ ಹಳದಿಯಾಗಿ ನಿಂತಿತು. ಬಂದವರೆಲ್ಲಾ ಬದುವಿನ ಮೇಲೆ ನಿಂತು ಒಂದೊಂದು ಔಷಧ ಹೇಳಿ ಹೋದರು.

ಮರುವರ್ಷ ನೆಲ್ಲು ಅಂತ ಆಯಿತು. ಅಷ್ಟರಲ್ಲಿ ತೆಲುಗು ನಾಡಿನಿಂದ ರೈತರು ಬಂದು ಕಾಲುವೆಯ ಗುಂಟ ಗುಡಿಸಲು ಹಾಕಿದ್ದರು. ಅವರಿದ್ದ ಜಾಗಕ್ಕೆ ಎಲ್ಲರೂ ಕ್ಯಾಂಪು ಅನ್ನುತ್ತಿದ್ದರು. ನಮ್ಮ ಹೊಲದ ಆಚೆಗೆ, ಸಣ್ಣ ಕಾಲುವೆ ದಾಟಿದರೆ, ಸೂರಮ್ಮನ ನೆಲ್ಲಿನ ಮಡಿಗಳು. ನನ್ನ ವಾರಗೆಯವಳೇ. ಗಂಡಸರ ಹಾಗೆ ಕಚ್ಚೆ ಬಿಗಿದು, ಮೊಣಕಾಲಿನ ಮೇಲಕ್ಕೆ ಸೀರೆ ಏರಿಸಿ ಕೆಸರಿನಲ್ಲಿ ನಿಂತಳೆಂದರೆ ಊರ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ನಾನೂ ಹಿಡಿದಿದ್ದೇನೆ.

ನಮ್ಮ ಮೊದಲ ಮಡಿಯನ್ನು ನಾನು, ನಮ್ಮ ಮನೆಯವರು ಇಬ್ಬರೇ ಹಚ್ಚಿದೆವು. ಹುಟ್ಟಿದಾಗಿನಿಂದ ಕೂರಿಗೆ ನೋಡಿದವರು ನಾವು. ಎತ್ತು ಮುಂದೆ, ಕೂರಿಗೆ ಹಿಂದೆ, ಬೀಜ ಬಿಡುವ ಹೆಂಗಸು ಅದರ ಹಿಂದೆ, ಎಲ್ಲರ ಮುಖ ಒಂದೇ ಕಡೆ. ಬಿತ್ತಿದ್ದನ್ನು ಭೂಮಿ ಮುಚ್ಚಿಕೊಳ್ಳುತ್ತದೆ, ತುಳಿದರೆ ಇನ್ನೂ ಒಳ್ಳೆಯದು. ಹಂಗೇ ಕೆಸರಿನಲ್ಲೂ ಬಗ್ಗಿ, ಸಸಿ ಊರುತ್ತಾ ಮುಂದಮುಂದಕ್ಕೆ ನಡೆದೆವು. ಊರಿದ ಸಸಿಯ ಮೇಲೆ ನಮ್ಮದೇ ಹೆಜ್ಜೆ. ಸೊಂಟ ಹಿಡಿದುಕೊಂಡು ತಿರುಗಿ ನೋಡಿದಾಗ ಅರ್ಧ ಸಸಿ ಕೆಸರೊಳಗೆ ಹೂತಿದ್ದವು, ಅರ್ಧ ನೀರ ಮೇಲೆ ತೇಲುತ್ತಿದ್ದವು. ಆಚೆ ಬದುವಿನಿಂದ ಯಾರೋ ನಕ್ಕರು. ಸೂರಮ್ಮ. ನಕ್ಕವಳು ಹಾಗೇ ಹೋಗಬಹುದಿತ್ತು. ಕಾಲುವೆ ದಾಟಿ ಬಂದು ನಮ್ಮ ಕೆಸರಿಗಿಳಿದು, ನನ್ನ ಎರಡೂ ಭುಜ ಹಿಡಿದು, ಬಂಡಿಯ ಎತ್ತು ತಿರುಗಿಸಿದ ಹಾಗೆ ನನ್ನನ್ನು ತಿರುಗಿಸಿ ನಿಲ್ಲಿಸಿದಳು.

"ವದಿನಾ, ಹಿಂದಕ್ಕೆ. ನಡೂದು ಹಿಂದಕ್ಕೆ. ಹಚ್ಚಿದ್ದು ಕಣ್ಣ ಮುಂದ ಇರಬೇಕು" ಅಂದಳು. ವದಿನ ಅಂದರೆ ಅವರಲ್ಲಿ ಅತ್ತಿಗೆ. ನನಗೂ ಆಕೆಗೂ ಏನೂ ಸಂಬಂಧ ಇರಲಿಲ್ಲ, ಆದರೂ ಮೊದಲ ಮಾತೇ ಅದು.

ಆಮೇಲೆ ಆಕೆ ತನ್ನ ಹೆಂಗಸರನ್ನು ಕರೆದುಕೊಂಡು ಮೂರು ದಿನ ನಮ್ಮ ಮಡಿಗೆ ಬಂದು ಹಚ್ಚಿಕೊಟ್ಟಳು. ಕೂಲಿಗೆ ಅಲ್ಲ, ಮುಯ್ಯಾಳಿಗೆ. ನಾವು ನಿಮ್ಮಲ್ಲಿ ದುಡಿದಷ್ಟು ದಿನ ನೀವು ನಮ್ಮಲ್ಲಿ ಬಂದು ದುಡಿಯಿರಿ ಅನ್ನುವ ಪದ್ಧತಿ. ನಾನು ಆಕೆಯ ಪಕ್ಕದ ಸಾಲಿನಲ್ಲಿ ನಿಂತು ಕಲಿತೆ. ಮೊದಲ ದಿನ ಮೂರು ಸಲ ಕುಂಡಿ ಊರಿ ಕೂತೆ. ಎರಡನೆಯ ದಿನ ಸೀರೆ ಇಳಿಸಿ ಇಳಿಸಿ ಸಾಕಾಗಿ, ಯಾವಾಗ ಮೇಲಕ್ಕೆ ಕಟ್ಟಿದೆನೋ ನನಗೇ ತಿಳಿಯಲಿಲ್ಲ. ಮೂರನೆಯ ದಿನ ಪಾದ ತಾನೇ ಹಿಂದಕ್ಕೆ ಹೋಗಿ ಜಾಗ ಹುಡುಕಿಕೊಳ್ಳುತ್ತಿತ್ತು. ನನ್ನ ಸಣ್ಣ ಮಗಳು ಬದುವಿನ ಮೇಲೆ ಸೂರಮ್ಮ ಕೊಟ್ಟ ಬೆಲ್ಲ ನೆಕ್ಕುತ್ತಾ ಕೂತಿರುತ್ತಿದ್ದಳು.

ಹೊಸದಕ್ಕೆ ಮನುಷ್ಯರು ಒಗ್ಗುವ ರೀತಿ ನನಗೆ ಆವಾಗಲೇ ತಿಳಿದದ್ದು. ಮೊದಲು ಛೀ ಅನ್ನುತ್ತೇವೆ. ಆಮೇಲೆ ಬಾಗಿಲು ಮುಂದಕ್ಕೆ ಮಾಡಿಕೊಂಡು ಮಾಡುತ್ತೇವೆ. ಆಮೇಲೆ ಬಾಗಿಲು ಹಾಕುವುದು ಮರೆತುಹೋಗುತ್ತದೆ. ಕಡೆಗೆ ನಮ್ಮ ಹಿರಿಯರ ಕಾಲದಿಂದಲೂ ಹೀಗೇ ಅನ್ನುತ್ತೇವೆ. ನಮ್ಮತ್ತೆ ಅನ್ನ ಉಂಡದ್ದು ಹೀಗೆಯೇ. ಅನ್ನ ಜ್ವರ ಬಂದವರ ಊಟ, ಅದರಿಂದ ಹೊಟ್ಟೆ ನಿಲ್ಲುವುದಿಲ್ಲ ಅನ್ನುತ್ತಿದ್ದರು. ನಾನು ಮೊದಲ ಸಲ ನಮ್ಮ ಹೊಲದ ಅಕ್ಕಿ ಬೇಯಿಸಿದಾಗ ಜೋಳದ ಅಂದಾಜಿನಲ್ಲಿ ಸುರಿದು, ಗಡಿಗೆ ಉಕ್ಕಿ, ಒಲೆ ಆರಿ, ಇಡೀ ಓಣಿಗೆ ಹಂಚಿದರೂ ಉಳಿದಿತ್ತು. ಅತ್ತೆ ಒಂದು ತುತ್ತು ತಿಂದು, ಮೇಲೆ ಒಂದು ರೊಟ್ಟಿ ತಿಂದು, "ಈಗ ಉಂಡಂಗ ಆತು" ಅಂದರು. ಮುಂದೆ ಆ ರೊಟ್ಟಿ ಅರ್ಧ ಆಯಿತು, ಚೂರು ಆಯಿತು. ಮೂರನೆಯ ವರ್ಷ ನೆರೆಮನೆಯವರ ಮುಂದೆ, "ನಮ್ಮಲ್ಲಿ ಮೊದಲಿಂದ ಅನ್ನ ಆಗಬೇಕ್ರೀ, ರೊಟ್ಟಿ ನನಗ ಅರಗೂದಿಲ್ಲ" ಅನ್ನುವುದನ್ನು ನನ್ನ ಕಿವಿಯಾರೆ ಕೇಳಿದೆ. ನಾನು ಅವರನ್ನು ನೋಡಿ ನಗಲಿಲ್ಲ. ನಗುವ ಯೋಗ್ಯತೆ ನನಗೆ ಇರಲಿಲ್ಲ. ಯಾಕೆಂದರೆ ನಾನು ಆ ಎರಡನೆಯ ಮೆಟ್ಟಿಲಿನಲ್ಲಿ, ಬಾಗಿಲು ಮುಂದಕ್ಕೆ ಮಾಡಿಕೊಂಡಿದ್ದ ಕಾಲದಲ್ಲಿ, ಮಾಡಬಾರದ್ದು ಮಾಡಿದ್ದೆ.

ನಮ್ಮ ಮಡಿಗಳ ನಾಟಿ ಮುಗಿದಿತ್ತು. ಮರುದಿನದಿಂದ ನಾನು ಸೂರಮ್ಮನ ಮಡಿಗೆ ಮುಯ್ಯಾಳಿಗೆ ಹೋಗಬೇಕು. ಮೂರು ದಿನ ಕೆಸರಿನಲ್ಲಿ ನಿಂತು ನನ್ನ ಕಾಲಿನ ಬೆರಳ ಸಂದಿಯೆಲ್ಲಾ ಹುಣ್ಣಾಗಿತ್ತು. ಆ ಸಂಜೆ ಅಣ್ಣ ಸಂತೆಕಲ್ಲೂರಿನಿಂದ ಬಂದ. ಮುಖ ಕೆಂಪಗಿತ್ತು. ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ. ನೀರು ಕೊಟ್ಟೆ, ಕುಡಿಯಲಿಲ್ಲ.

"ಮಸ್ಕಿ ಸಂತ್ಯಾಗ ಒಬ್ಬ ಹಲ್ಲು ಕಿಸಿದು ಕೇಳಿದ ಈರವ್ವಾ," ಅಂದ. "ನಿಮ್ಮ ತಂಗಿ ಕ್ಯಾಂಪಿನ ಹೆಂಗಸರ ಜೋಡಿ ಸೀರಿ ಎತ್ತಿ ಕಟ್ಟಿ ಕೆಸರಾಗ ಇಳದಾಳಂತಲ್ಲ, ಅಂದ. ಅವನ ಕಪಾಳಕ ಬಿಟ್ಟು ಬಂದೀನಿ. ನಮ್ಮ ಮನಿ ಹೆಣ್ಣುಮಗಳು ಅಂಥಾಕಿ ಅಲ್ಲ ಅಂದೀನಿ. ಹತ್ತು ಮಂದಿ ಮುಂದ ಅಂದೀನಿ."

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ತಂದೆ ಸತ್ತ ಮೇಲೆ ನನ್ನ ಮದುವೆ ಮಾಡಿದವನು. ನನ್ನ ಸಲುವಾಗಿ ಸಂತೆಯಲ್ಲಿ ಕೈ ಎತ್ತಿ ಬಂದವನ ಮುಂದೆ ನಾನು ಕಾಲನ್ನು ಸೀರೆಯ ಒಳಗೆ ಎಳೆದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಸೂರಮ್ಮ.

ಕೈಯಲ್ಲಿ ತೆಂಗಿನ ಕರಟ, ಅದರಲ್ಲಿ ಔಡಲೆಣ್ಣೆಗೆ ಅರಿಶಿಣ ಕಲಸಿ ತಂದಿದ್ದಳು. ಹೊರಗಿನ ಚಪ್ಪಲಿ ನೋಡಿರಲಿಲ್ಲ, ಒಳಗೆ ಯಾರಿದ್ದಾರೆ ಅಂತ ನೋಡಿರಲಿಲ್ಲ. "ವದಿನಾ, ಕಾಲಿಗೆ ಇದನ್ನ ಹಚ್ಚು. ನಾಳೆ ಬೇಗ ಬಾ" ಅಂದಳು.

ನಾನು ಎದ್ದು ನಿಂತೆ. "ಯಾರಬೇ ನೀನು? ಯಾರ ಮನಿ ಹುಡುಕ್ಯಾಡಾಕತ್ತಿ?" ಅಂದೆ.

ಬರೆದ ಮೇಲೆ ನೋಡಿದರೆ ಎಷ್ಟು ಸಣ್ಣ ಮಾತು. ಬೈಗಳಲ್ಲ, ಶಾಪ ಅಲ್ಲ. ದಾರಿ ತಪ್ಪಿ ಬಂದವರನ್ನು ದಿನಾ ಕೇಳುವ ಮಾತೇ. ಅದನ್ನು ಕೇಳಬಾರದವರಿಗೆ ಕೇಳಿದೆ, ಅಷ್ಟೇ.

ಸೂರಮ್ಮ ನನ್ನನ್ನು ನೋಡಿದಳು. ಅಣ್ಣನನ್ನು ನೋಡಿದಳು, ಮೊಣಕಾಲ ಮೇಲಿನ ರುಮಾಲನ್ನು ನೋಡಿದಳು. ಅವಳು ದಡ್ಡಿ ಅಲ್ಲ. "ತಪ್ಪಾತಮ್ಮಾ. ಈ ಓಣ್ಯಾಗ ಎಲ್ಲಾ ಮನಿ ಒಂದೇ ಥರ ಕಾಣ್ತಾವ" ಅಂದು ಕರಟ ಹಿಡಿದುಕೊಂಡು ಹೋದಳು. ನನ್ನ ಸುಳ್ಳನ್ನು ಅವಳೂ ಒಂದು ಕೈ ಹಿಡಿದು ದಾಟಿಸಿದಳು. ಅಣ್ಣ, "ಈ ಮಂದಿಗೆ ಯಾರ ಮನಿ ಏನು ಅಂತ ತಿಳಿಯೂದಿಲ್ಲ ನೋಡು" ಅಂದು ಆಗ ನೀರು ಕುಡಿದ. ಹಿಂದಿನ ಬಾಗಿಲಲ್ಲಿ ಎತ್ತು ಕಟ್ಟುತ್ತಿದ್ದ ನಮ್ಮ ಮನೆಯವರು ಎಲ್ಲಾ ಕೇಳಿದ್ದರು.

ಮರುದಿನ ಅಣ್ಣ ಮಧ್ಯಾಹ್ನದ ತನಕ ಇದ್ದ. ನಾನು ಸೂರಮ್ಮನ ಮಡಿಗೆ ಹೋಗಲಿಲ್ಲ. ಅಣ್ಣ ಹೋದ ಮೇಲೆ ಹೋಗಬಹುದಿತ್ತು. ಅದರ ಮರುದಿನವೂ ಹೋಗಬಹುದಿತ್ತು. ಯಾವ ಮುಖ ಹೊತ್ತು ಹೋಗಲಿ ಅಂತ ಕೂತೆ. ಅವಳ ಹೊಲದ ಬದು ಬಿಟ್ಟು, ಸುತ್ತು ಹಾಕಿ, ಕಲ್ಲಿನ ದಾರಿಯಿಂದ ನಮ್ಮ ಹೊಲಕ್ಕೆ ಹೋಗಲಿಕ್ಕೆ ಶುರುಮಾಡಿದೆ. ಸುತ್ತುದಾರಿಗೂ ಮನುಷ್ಯ ಒಗ್ಗಿಬಿಡುತ್ತಾನೆ ನೋಡ್ರಿ. ಎರಡು ವರ್ಷದಲ್ಲಿ ನನ್ನ ಕಾಲಿಗೆ ಅದೇ ನೆಟ್ಟನೆಯ ದಾರಿ ಆಯಿತು.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಊರ ಹೆಂಗಸರೂ ಒಬ್ಬೊಬ್ಬರೇ ಕೆಸರಿಗೆ ಇಳಿಯಲಿಕ್ಕೆ ಹತ್ತಿದಾಗ ಅವರಿಗೆ ಕಲಿಸಿದವಳು ನಾನು. "ಈರಮ್ಮನ ಸಾಲು ದಾರ ಹಿಡದಂಗ ಇರ್ತಾವ" ಅಂತ ಹೆಸರಾಯಿತು. ಯಾರು ಕಲಿಸಿದರು ಅಂತ ಕೇಳಿದರೆ, "ಯಾರು ಕಲಸಬೇಕು, ನೋಡಿ ನೋಡಿ ಕಲತೆ" ಅನ್ನುತ್ತಿದ್ದೆ. ಮೊದಲನೆಯ ಸಲ ಅಣ್ಣನ ಹೆದರಿಕೆ ಇತ್ತು ಅಂತ ಅನ್ನಬಹುದು. ಇದಕ್ಕೆ ಯಾವ ನೆವ ಹೇಳಲಿ. ಕಾಲುವೆ ದಂಡೆಯಲ್ಲಿ ಎಂದಾದರೂ ಎದುರಾದರೆ ಸೂರಮ್ಮ, "ಹೆಂಗದೀ ಅಮ್ಮಾ" ಅನ್ನುತ್ತಿದ್ದಳು. ಅಮ್ಮಾ ಅನ್ನುವುದು ಮರ್ಯಾದೆಯ ಮಾತು. ನನಗೆ ಮಾತ್ರ ವದಿನ ಅನ್ನುವುದನ್ನು ಕಸಿದುಕೊಂಡ ಹಾಗೆ ಅನಿಸುತ್ತಿತ್ತು. ಆರಾಮ ಅಂದು ನೆಲ ನೋಡುತ್ತಾ ಹೋಗುತ್ತಿದ್ದೆ.

ಹೀಗಿರುವಾಗ ಬಂದದ್ದು ಮೊಮ್ಮಗಳ ಜವಳ. ಕೂಸಿನ ಖುಷಿ ಬಹಳ ಕೆಟ್ಟದ್ದು ರೀ. ಮನಸ್ಸಿನ ಬಾಗಿಲೆಲ್ಲಾ ತೆರೆದುಹಾಕುತ್ತದೆ. ತೆರೆದ ಬಾಗಿಲಿನಿಂದ ಬರಬಾರದ್ದೂ ಒಳಗೆ ಬಂದು ಕೂರುತ್ತದೆ. ಕಂಡಕ್ಟರನನ್ನೂ ಜವಳಕ್ಕೆ ಬಾ ಅಂತ ಕರೆದವಳು ನಾನು. ನನ್ನನ್ನು ಹಿಡಿದು ತಿರುಗಿಸಿ ನಿಲ್ಲಿಸಿದವಳನ್ನು ಬಿಟ್ಟು ಊರಿಗೆಲ್ಲಾ ಹೋಳಿಗೆ ಬಡಿಸಿದರೆ ಅದು ಯಾವ ಊಟ. ಸೋಮವಾರ ಬೆಳಿಗ್ಗೆ ಕುಂಕುಮದ ಬಟ್ಟಲು, ಐದು ಉತ್ತತ್ತಿ ಸೆರಗಿಗೆ ಕಟ್ಟಿಕೊಂಡು ಹೊರಟೆ. ಸುತ್ತುದಾರಿ ಹಿಡಿದು ಅರ್ಧ ದೂರ ಹೋದವಳು, ಇದು ಅವಳ ಮನೆಗೆ ಹೋಗುವ ದಾರಿ ಅಲ್ಲವಲ್ಲ ಅಂತ ನೆನಪಾಗಿ ತಿರುಗಿ ಬಂದೆ.

ಗುಡಿಸಲು ಇದ್ದಲ್ಲಿ ಈಗ ಹೆಂಚಿನ ಮನೆ. ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿತ್ತು. ಸೂರಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳದಲ್ಲಿನ ಹರಳು ಆರಿಸುತ್ತಿದ್ದಳು. ಈಗ ಆಕೆಯ ಮನೆಯಲ್ಲಿ ದಿನಾ ಒಂದು ಹೊತ್ತು ರೊಟ್ಟಿ, ನಮ್ಮಲ್ಲಿ ಎರಡೂ ಹೊತ್ತು ಅನ್ನ. ಸೊಸೆ ಬಾವಿ ಕಡೆ ಹೋಗಿದ್ದಳೇನೋ, ಒಬ್ಬಳೇ ಇದ್ದಳು. ತಲೆ ಎತ್ತಿ, "ಏನಮ್ಮಾ, ದಾರಿ ತಪ್ಪಿತಾ?" ಅಂದಳು. ಬೇಕಂತಲೇ ಅಂದಳೋ, ಸುಮ್ಮನೆ ಬಂದ ಮಾತೋ ತಿಳಿಯಲಿಲ್ಲ.

ಮೊಮ್ಮಗಳ ಜವಳ ಐತಿ, ಬರಬೇಕು ಅಂದೆ. ಕುಂಕುಮ ಹಚ್ಚಿದೆ. ಅಷ್ಟಕ್ಕೇ ತಿರುಗಿ ಬರಬಹುದಿತ್ತು. ಬರಲಿಲ್ಲ. ಅಲ್ಲೇ ಕಟ್ಟೆಯ ಅಂಚಿಗೆ ಕೂತು, ಜೋಳದ ಮೊರಕ್ಕೆ ಕೈ ಹಾಕಿ ಹರಳು ಆರಿಸುತ್ತಾ, ಅವಳ ಮುಖ ನೋಡದೆ ಎಲ್ಲಾ ಹೇಳಿದೆ. ಅಣ್ಣ ಬಂದದ್ದು, ಸಂತೆಯ ಜಗಳ, ಕರಟ, ನಾನು ಅ‍ಂದ ಮಾತು. ಊರವರ ಮುಂದೆ ಅವಳ ಹೆಸರು ನುಂಗಿದ್ದನ್ನೂ ಹೇಳಿದೆ. ಹೇಳಿ ಮುಗಿಯುವಷ್ಟರಲ್ಲಿ ನನ್ನ ಮುಂದೆ ಹರಳಿಗಿಂತ ಒಳ್ಳೆಯ ಜೋಳವೇ ಹೆಚ್ಚು ಗುಡ್ಡೆ ಬಿದ್ದಿತ್ತು.

ಸೂರಮ್ಮ ಆ ಜೋಳವನ್ನು ಮತ್ತೆ ಮೊರಕ್ಕೆ ಎಳೆದುಕೊಂಡಳು. "ಅದು ನನಗೆ ನೆನಪ ಇಲ್ಲ" ಅಂದಳು.

"ಹೆಂಗ ನೆನಪಿಲ್ಲ?"

"ಆ ವರ್ಷ ನನ್ನ ಗುರುತಿಲ್ಲ ಅಂದವರು ಒಬ್ಬರಾ ಇಬ್ಬರಾ? ಅಂಗಡಿಯಾಂವ ಅಂದ, ಬಾವಿಕಟ್ಟಿ ಹೆಂಗಸರು ಅಂದ್ರು. ಯಾವ ಬಾಗಲಾಗ ನಿಂತ್ರೂ ಯಾರು ನೀನು, ಯಾಕ ಬಂದಿ. ಎಷ್ಟಂತ ನೆನಪ ಇಡ್ಲಿ? ಅದು ರೂಢಿ ಆಗಿತ್ತು ನನಗ." ಸ್ವಲ್ಪ ಹೊತ್ತು ಹರಳು ಆರಿಸಿದಳು. "ಮರುದಿನ ನೀ ಬರಲಿಲ್ಲಲ್ಲ, ಅದು ನೆನಪೈತಿ. ನನ್ನ ಪಕ್ಕದ ಸಾಲು ಖಾಲಿ ಬಿಟ್ಟಿದ್ದೆ. ನಮ್ಮ ಹೆಂಗಸರು, ಆಕಿ ಬರೂದಿಲ್ಲ ಬಿಡು, ನಾವು ನಿಲ್ತೀವಿ ಅಂದ್ರು. ಬರ್ತಾಳ, ತಡಾ ಆಗೈತಿ ಅಂದೆ. ಮಧ್ಯಾಹ್ನತನಾ ಯಾರನ್ನೂ ನಿಲ್ಲಸಲಿಲ್ಲ. ಹೊತ್ತು ಇಳಿದ ಮ್ಯಾಲ ನಾನ ಎರಡೂ ಸಾಲು ಹಚ್ಚಿದೆ."

"ನಾಚಿಕಿ ಆಗಿತ್ತು ಸೂರಮ್ಮಾ. ಅದಕ್ಕ ಬರಲಿಲ್ಲ."

"ನಾ ಸೊಕ್ಕು ಅಂತ ತಿಳಿದೆ" ಅಂದಳು. "ಆಚೆ ದಂಡ್ಯಾಗ ನಿಂತವರಿಗೆ ಹೆಂಗ ಗೊತ್ತಾಗಬೇಕು? ನಾಚಿಕಿ ಆದ್ರೂ ಸೊಕ್ಕ ಆದ್ರೂ ನೀ ಮುಖ ತಿರುವಿಕೊಂಡ ಹೋಗ್ತಿದ್ದಿ."

ಇಷ್ಟು ವರ್ಷ ನನಗೆ ಒಳಗೊಳಗೆ ಒಂದು ಸಮಾಧಾನ ಇತ್ತು. ತಪ್ಪು ಮಾಡಿದೆ, ಆದರೆ ನಾಚಿಕೆ ಪಟ್ಟಿದ್ದೇನಲ್ಲ, ಮರ್ಯಾದಸ್ಥೆ ನಾನು ಅಂತ. ಆ ನಾಚಿಕೆಯನ್ನು ಮನೆಯ ದೇವರ ಹಾಗೆ ಜಗಲಿಯ ಮೇಲೆ ಇಟ್ಟು ದಿನಾ ಕೈಮುಗಿದಿದ್ದೆ. ಅದು ನನ್ನ ಜಗಲಿಯಲ್ಲಿ ತಣ್ಣಗೆ ಕೂತಿತ್ತು, ಅಲ್ಲಿ ಅವಳು ಎರಡು ಸಾಲು ಒಬ್ಬಳೇ ಬಗ್ಗಿ ಹಚ್ಚುತ್ತಿದ್ದಳು. ಒಂದು ಮಾತಿನ ತಪ್ಪು ಒಂದು ಗಳಿಗೆಯದು. ಉಳಿದ ಹನ್ನೆರಡು ವರ್ಷ ನಾಚಿಕೆ ಮಾಡಿದ ತಪ್ಪು. ಅದೂ ಅಲ್ಲದೆ, ಬಾಗಿಲಲ್ಲಿ ನಿಂತವಳಿಗೆ ಯಾರು ನೀನು ಅನ್ನಿಸಿಕೊಳ್ಳುವುದು ರೂಢಿ ಆಗಿತ್ತಂತೆ. ಹೊಸದಕ್ಕೆ ಮನುಷ್ಯರು ಹೇಗೆ ಒಗ್ಗುತ್ತಾರೆ ಅಂತ ದೊಡ್ಡದಾಗಿ ಮೇಲೆ ಬರೆದೆನಲ್ಲ, ಅನ್ನಕ್ಕೂ ಕೆಸರಿಗೂ ನಾವು ಒಗ್ಗಿದ್ದನ್ನಷ್ಟೇ ನಾನು ನೋಡಿದ್ದು. ನಮಗೆ ಒಗ್ಗಬೇಕಾದವರೂ ಇದ್ದರು ಅನ್ನುವುದು ತಲೆಗೆ ಬಂದೇ ಇರಲಿಲ್ಲ.

ಜವಳಕ್ಕೆ ಸೂರಮ್ಮ ಬಂದಳು. ಕಂಬಳಿಯ ಮೇಲೆ ಸಂತೆಕಲ್ಲೂರಿನ ಅಣ್ಣ ಕೂತಿದ್ದ, ಈಗ ಅವನ ಮೀಸೆಯೂ ಬಿಳಿ. ಸೂರಮ್ಮನ ಕೈ ಹಿಡಿದುಕೊಂಡೇ, "ಅಣ್ಣಾ, ನನಗ ನೆಲ್ಲು ಹಚ್ಚೂದು ಕಲಿಸಿದಾಕಿ ಈಕಿ. ಮೊಣಕಾಲತನಾ ಸೀರಿ ಕಟ್ಟಿ ಈಕಿ ಜೋಡಿ ಕೆಸರಾಗ ನಿಂತಾಕಿ ನಾನ" ಅಂದೆ. ಅಣ್ಣ ನನ್ನನ್ನು ನೋಡಿದ. ಆ ಸಂತೆಯ ಕಪಾಳ ಅವನಿಗೂ ನೆನಪಾಗಿರಬೇಕು. ಒಂದು ಮಾರು ಸರಿದು ಜಾಗ ಬಿಟ್ಟ. "ಕುಂಡ್ರವ್ವಾ" ಅಂದ. ಆಮೇಲೆ ಕೂಸಿನ ಕೂದಲು ತೆಗೆಯುವ ಗದ್ದಲದಲ್ಲಿ, ಈ ಹಂಗಾಮಿಗೆ ನಿಮ್ಮ ಕಡೆ ಯಾವ ಬೀಜ ಹಾಕೀರಿ ಅಂತ ಅವಳನ್ನೇ ಕೇಳುತ್ತಿದ್ದದ್ದು ಕಿವಿಗೆ ಬಿತ್ತು. ಸಂತೆಕಲ್ಲೂರಿಗೆ ಕಾಲುವೆ ಬಂದಿಲ್ಲ. ಕೇಳಿ ಏನು ಮಾಡುತ್ತಾನೋ. ಕೂಸು ಮಾತ್ರ ಬೋಳುತಲೆಯಲ್ಲಿ ಇನ್ನೂ ಚಂದ ಕಾಣಲಿಕ್ಕೆ ಹತ್ತಿತು, ಅದರ ಬಗ್ಗೆ ಬರೆಯಹತ್ತಿದರೆ ಕಾಗದ ಸಾಲುವುದಿಲ್ಲ.

ಈಗ ಎರಡು ದಿನಕ್ಕೊಮ್ಮೆ ಏನಾದರೂ ನೆವ ಮಾಡಿ ಸೂರಮ್ಮನ ಮನೆಗೆ ಹೋಗುತ್ತೇನೆ. ಎಲ್ಲಾ ಸರಿಹೋಯಿತು ಅಂತ ನೀವು ತಿಳಿಯಬಹುದು. ಹಾಗಿಲ್ಲ. ಅವಳ ಹೊಸ್ತಿಲಿಗೆ ಬಂದ ಕೂಡಲೇ ಕಾಲು ಒಂದು ಕ್ಷಣ ನಿಲ್ಲುತ್ತದೆ. ಕೂತರೆ ಅಂಚಿಗೆ ಕೂರುತ್ತೇನೆ. ಅವಳು ಏನು ಕೊಟ್ಟರೂ ಸಾಕು ಸಾಕು ಅನ್ನುತ್ತೇನೆ. ತಪ್ಪು ಮಾಡಿ ಅಡ್ಡಾಡುವುದು ನನಗೆ ಸುಲಭವಾಗಿ ರೂಢಿ ಆಯಿತು, ಕ್ಷಮೆ ಸಿಕ್ಕವಳಾಗಿ ಅಡ್ಡಾಡುವುದು ಇನ್ನೂ ಆಗಿಲ್ಲ. ಅದಕ್ಕೂ ದಿನ ಬೇಕು ಕಾಣುತ್ತದೆ.

ಮೊನ್ನೆ ಬಿಸಿಲಿನಲ್ಲಿ ಹೋದವಳು, ದಣಿವಿನಲ್ಲಿ ಯೋಚನೆ ಮಾಡದೆ ನೆಟ್ಟಗೆ ಒಳಗೆ ಹೋಗಿ, ಅವಳ ಗಡಿಗೆಯಿಂದ ನಾನೇ ಒಂದು ಲೋಟ ನೀರು ಮೊಗೆದುಕೊಂಡು ಕುಡಿದೆ. ಮುಚ್ಚಳ ಹಾಕುವುದು ಮರೆತೆ. ಸೂರಮ್ಮ ಹೊರಗಿನಿಂದ ನೋಡಿ, "ಗಡಿಗಿ ಮುಚ್ಚಾಕ ನಿಮ್ಮತ್ತಿ ಕಲಿಸಲಿಲ್ಲೇನು, ಇಷ್ಟು ವಯಸ್ಸಾದ್ರೂ ಬುದ್ಧಿ ಬಂದಿಲ್ಲ ನಿನಗ" ಅಂತ ಸೊಸೆಯ ಮುಂದೆಯೇ ಬೈದಳು. ನಾನು ಹೋಗಿ ಮುಚ್ಚಿ ಬಂದು ಗೋಡೆಗೆ ಒರಗಿ ಕೂತೆ. ಬೈಸಿಕೊಂಡು ಅಷ್ಟು ಆರಾಮಾಗಿ ಕೂತದ್ದು ನನಗೆ ನೆನಪಿಲ್ಲ.